ಗಾಳಿಗೆ ಎದೆ ಕೊಡುವ ಸರದಿ: ಫ್ಲಾಂಡರ್ಸ್‌ನ ಸೈಕಲ್ ಕ್ಲಬ್ ಜೊತೆ ಒಂದು ವಾರ

ಶುಕ್ರವಾರ, ಘೆಂಟ್

ಬ್ರಸೆಲ್ಸ್‌ನಿಂದ ಘೆಂಟ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಸ್ಟೇಷನ್‌ನಿಂದ ಹೊರಗೆ ಬಂದರೆ ಎಲ್ಲಿ ನೋಡಿದರೂ ಸೈಕಲ್. ಆಫೀಸಿನಿಂದ ಮನೆಗೆ ಹೊರಟವರು, ಮುಂದಿನ ಡಬ್ಬಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡ ಅಮ್ಮಂದಿರು, ತರಕಾರಿ ಚೀಲ ಸಿಕ್ಕಿಸಿಕೊಂಡ ಅಜ್ಜಂದಿರು. ನಾನು ಬಂದಿದ್ದು ಮಾತ್ರ ಬೇರೆ ಥರದ ಸೈಕಲ್ಲಿಗಾಗಿ.

ಬೆಲ್ಜಿಯಂನ ಉತ್ತರ ಭಾಗ ಫ್ಲಾಂಡರ್ಸ್. ಡಚ್ ಮಾತಾಡುವ ನಾಡು. ನನ್ನ ಕಾಲೇಜು ಗೆಳೆಯ ಇಲ್ಲಿ ಕೆಲಸದಲ್ಲಿದ್ದಾನೆ. ಬಂದ ವರ್ಷವೇ ಪಕ್ಕದ ಹಳ್ಳಿಯ ಹವ್ಯಾಸಿ ಸೈಕಲ್ ಕ್ಲಬ್ ಸೇರಿಕೊಂಡ. "ಒಂದು ವಾರ ರಜೆ ಹಾಕಿ ಬಾ ಮಾರಾಯ. ಕ್ಲಬ್ ಜೊತೆ ಓಡಿಸು. ಕೊನೆಗೆ ಒಂದು ರೇಸ್ ಮಾಡಿಯೇ ಹೋಗು" ಅಂತ ಕರೆಯುತ್ತಲೇ ಇದ್ದ.

ಕ್ಲಬ್ಬಿನ ಸದಸ್ಯರೊಬ್ಬರು ನನಗಾಗಿ ತಮ್ಮ ಎರಡನೇ ಸೈಕಲ್ ಕೊಟ್ಟಿದ್ದರು. ಇನ್ನೂ ಮುಖ ನೋಡದ ಮನುಷ್ಯನಿಗೆ! ಸೀಟಿನ ಎತ್ತರ ಸರಿ ಮಾಡಿಕೊಳ್ಳುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಟೈರ್ 30 ಮಿಲಿಮೀಟರ್ ಅಗಲದ್ದು. ಗೆಳೆಯ ಪಂಪ್ ಹಿಡಿದು ಗಾಳಿಯ ಒತ್ತಡವನ್ನು 4 ಬಾರ್‌ಗೆ, ಅಂದರೆ ಸುಮಾರು 58 ಪಿಎಸ್‌ಐಗೆ ನಿಲ್ಲಿಸಿದ. ಅದಕ್ಕಿಂತ ಜಾಸ್ತಿ ಹಾಕಿದರೆ ಇಲ್ಲಿನ ಕಲ್ಲುಹಾಸಿನ ಮೇಲೆ ಚಕ್ರ ಪುಟಿಯುತ್ತದೆ, ಹಿಡಿತ ಸಿಗುವುದಿಲ್ಲ. ತೀರಾ ಕಡಿಮೆ ಮಾಡಿದರೆ ಕಲ್ಲಿನ ಅಂಚಿಗೆ ಬಡಿದು ಟ್ಯೂಬು ಹರಿಯುತ್ತದೆ. ಈ ಲೆಕ್ಕಾಚಾರ ಇಲ್ಲಿನ ಮಕ್ಕಳಿಗೂ ಗೊತ್ತು.

ಶನಿವಾರ, ಔಡೆನಾರ್ಡೆ

ಕ್ಲಬ್ಬಿನ ಸವಾರಿ ಭಾನುವಾರ. ಅದಕ್ಕೆ ಮುಂಚೆ ಕಾಲು ಸಡಿಲ ಮಾಡಿಕೊಳ್ಳೋಣ ಅಂತ ನಾವಿಬ್ಬರೇ ಹೊರಟೆವು. ಶೆಲ್ಟ್ ನದಿಯ ದಂಡೆಯ ಮೇಲೆ ಸೈಕಲ್ ದಾರಿ. ಔಡೆನಾರ್ಡೆವರೆಗೂ ನೆಲ ಸಪಾಟು. ಕವಲು ಬಂದಲ್ಲೆಲ್ಲ ಒಂದು ನಂಬರ್ ಬೋರ್ಡು. ಯಾವ ನಂಬರ್ ಆದಮೇಲೆ ಯಾವುದು ಅಂತ ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಮ್ಯಾಪ್ ಬೇಡ, ಫೋನೂ ಬೇಡ. 1990ರ ದಶಕದಲ್ಲಿ ಬೆಲ್ಜಿಯಂನ ಲಿಂಬುರ್ಗ್ ಪ್ರಾಂತ್ಯದಲ್ಲಿ ಶುರುವಾದ ಏರ್ಪಾಡು ಇದು. ಗಣಿಯೊಳಗೆ ದಾರಿ ತಪ್ಪದಿರಲು ಕವಲುಗಳಿಗೆ ನಂಬರ್ ಹಾಕುತ್ತಿದ್ದುದನ್ನು ನೋಡಿದ್ದ ಎಂಜಿನಿಯರ್ ಒಬ್ಬರು ಅದನ್ನೇ ಸೈಕಲ್ ದಾರಿಗೆ ತಂದರು.

ಔಡೆನಾರ್ಡೆ ಸಣ್ಣ ಊರು. ಆದರೆ ಸೈಕಲ್ ರೇಸ್ ಜಗತ್ತಿನಲ್ಲಿ ಅದರ ಹೆಸರು ದೊಡ್ಡದು. ಕರೆಲ್ ವಾನ್ ವೈನೆಂಡಾಲ ಎಂಬ ಪತ್ರಕರ್ತ 1913ರಲ್ಲಿ ಶುರು ಮಾಡಿದ ಟೂರ್ ಆಫ್ ಫ್ಲಾಂಡರ್ಸ್ ರೇಸು 2012ರಿಂದ ಮುಗಿಯುವುದು ಇಲ್ಲೇ. ಅದಕ್ಕೆಂದೇ ಒಂದು ಮ್ಯೂಸಿಯಂ ಕೂಡ ಇದೆ. ಹಳೆಯ ಸೈಕಲ್ಲುಗಳ ಮುಂದೆ ನಿಂತು ನೋಡಿದೆ. ಆಗ ಮೊದಲ ರೇಸ್ ಗೆದ್ದ ಪಾಲ್ ಡೆಮಾನ್ ಮುನ್ನೂರು ಕಿಲೋಮೀಟರ್‌ಗೂ ಜಾಸ್ತಿ ತುಳಿದಿದ್ದು ಅಂಥ ಭಾರದ ಸೈಕಲ್ಲಿನಲ್ಲೇ.

ಊರು ದಾಟಿ ದಕ್ಷಿಣಕ್ಕೆ ಬಂದರೆ ಸಪಾಟು ಮುಗಿಯಿತು. ಗುಡ್ಡಗಳು ದೊಡ್ಡವೇನಲ್ಲ. ಕೊಪ್ಪೆನ್‌ಬರ್ಗ್ ಏರಿನ ಉದ್ದ ಬರೀ 600 ಮೀಟರ್. ಆದರೆ ಸರಾಸರಿ ಏರಿಕೆ ನೂರಕ್ಕೆ 11.6, ಕಡಿದಾದ ಕಡೆ 22. ಅದೂ ಪೂರ್ತಿ ಕಲ್ಲಿನ ಮೇಲೆ. ಸೈಕಲ್ ಇಳಿದು ಬುಡದಲ್ಲಿ ಕಲ್ಲುಗಳನ್ನು ಮುಟ್ಟಿ ನೋಡಿದೆ. ತಲೆ ಸವೆದು ಗುಂಡಗಾಗಿವೆ. ನಡುವೆ ಬೆರಳು ತೂರುವಷ್ಟು ಸಂದು. ಸಂದಿನಲ್ಲಿ ಮಣ್ಣು, ಮಣ್ಣಿನ ಮೇಲೆ ಪಾಚಿ. ದಾರಿಯ ಎರಡೂ ಕಡೆ ದಿಬ್ಬ, ದಿಬ್ಬದ ಮೇಲೆ ಮರಗಳು. ಬಿಸಿಲು ಒಳಗೆ ಬರುವುದೇ ಕಷ್ಟ. ಹಾಗಾಗಿ ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ಕಲ್ಲು ಒದ್ದೆ.

ಇಂಥ ಕಡೆ ಎದ್ದು ನಿಂತು ತುಳಿಯಬಾರದು. ನಿಂತರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಕಲ್ಲಿನ ಮೇಲೆ ಸುಮ್ನೆ ತಿರುಗುತ್ತದೆ. ತೀರಾ ಹಿಂದಕ್ಕೆ ಕೂತರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಸೀಟಿನ ತುದಿಯಲ್ಲಿ ಕೂತು, ಎದೆ ಬಗ್ಗಿಸಿ, ಅತಿ ಹಗುರ ಗೇರಿನಲ್ಲಿ ಒಂದೇ ಸಮ ತುಳಿಯಬೇಕು. ಹ್ಯಾಂಡಲ್ ಮಾತ್ರ ಬಿಗಿ ಹಿಡಿಯಬಾರದು. ಅದು ಅದರ ಪಾಡಿಗೆ ಅಲುಗಾಡಲಿ, ದಾರಿ ಅದೇ ಹುಡುಕಿಕೊಳ್ಳುತ್ತದೆ. ಹೀಗೆ ಒಂದೊಂದೇ ಕಲ್ಲು ದಾಟುತ್ತಾ ಮೇಲೆ ಬಂದಾಗ ತೊಡೆ ಉರಿಯುತ್ತಿತ್ತು. ಖುಷಿಗೆ ಇನ್ನೊಮ್ಮೆ ಕೆಳಗಿಳಿದು ಹತ್ತಿದೆ.

1987ರ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಇಲ್ಲಿ ನಡೆದ ಘಟನೆ ಸೈಕಲ್ ಪ್ರಿಯರಿಗೆಲ್ಲ ಗೊತ್ತು. ಡೆನ್ಮಾರ್ಕ್‌ನ ಯೆಸ್ಪರ್ ಸ್ಕಿಬಿ ಎಲ್ಲರಿಗಿಂತ ಮುಂದೆ ಒಬ್ಬನೇ ಹತ್ತುತ್ತಿದ್ದ. ಕಡಿದಾದ ಜಾಗದಲ್ಲಿ ವೇಗ ಸತ್ತು ಕೆಳಗೆ ಬಿದ್ದ. ಹಿಂದೆ ಬರುತ್ತಿದ್ದ ರೇಸಿನ ಅಧಿಕಾರಿಗಳ ಕಾರು ಅವನ ಸೈಕಲ್ ಮೇಲೇ ಹರಿಯಿತು. ಸವಾರ ಬಚಾವಾದ. ಆಮೇಲೆ 2002ರವರೆಗೆ ರೇಸು ಈ ಗುಡ್ಡದ ಕಡೆ ತಲೆ ಹಾಕಲಿಲ್ಲ.

ಅಲ್ಲಿಂದ ಪಾಟರ್‌ಬರ್ಗ್‌ಗೆ ಹೋದೆವು. ಇದು ಇನ್ನೂ ಚಿಕ್ಕದು, 360 ಮೀಟರ್. ಇದರ ಕಥೆ ನನಗೆ ತುಂಬಾ ಇಷ್ಟ. ಇಲ್ಲೊಬ್ಬ ರೈತನಿಗೆ ರೇಸು ತನ್ನ ಮನೆ ಮುಂದೆ ಹೋಗಬೇಕು ಅಂತ ಆಸೆ. ದಾರಿಗೆ ಕಲ್ಲು ಹಾಸಿಸಿದ. 1986ರಲ್ಲಿ ರೇಸು ನಿಜವಾಗಲೂ ಬಂತು. ಈಗ ಟೂರ್ ಆಫ್ ಫ್ಲಾಂಡರ್ಸ್‌ನ ಕೊನೆಯ ಏರು ಇದೇ. ಇಲ್ಲಿಂದ ರೇಸು ಮುಗಿಯುವ ಗೆರೆಗೆ 13 ಕಿಲೋಮೀಟರ್ ಅಷ್ಟೇ.

ಭಾನುವಾರ, ಗೆರಾರ್ಡ್ಸ್‌ಬರ್ಗನ್

ಬೆಳಿಗ್ಗೆ ಎಂಟಕ್ಕೆ ಹಳ್ಳಿಯ ಕೆಫೆ ಮುಂದೆ ಎಲ್ಲರೂ ಸೇರಿದರು. ಕ್ಲಬ್ ಜೆರ್ಸಿ ಒಂದೇ ಬಣ್ಣ, ಒಳಗಿರುವವರು ಮಾತ್ರ ನಾನಾ ಥರ. ಪ್ಲಂಬರ್, ಶಾಲೆಯ ಟೀಚರ್, ನರ್ಸ್, ಹೈನುಗಾರ, ಆಗಲೇ ನಿವೃತ್ತರಾದವರು. ಎ, ಬಿ, ಸಿ ಅಂತ ವೇಗಕ್ಕೆ ತಕ್ಕ ಗುಂಪು. ನಾವು ಬಿ ಗುಂಪಿಗೆ ಸೇರಿದೆವು.

ಬೆಲ್ಜಿಯಂನ ಸಂಚಾರ ನಿಯಮದಲ್ಲಿ ಇಂಥ ಗುಂಪುಗಳಿಗೆಂದೇ ಜಾಗ ಇದೆ. 15ರಿಂದ 150 ಜನರಿದ್ದರೆ ಸೈಕಲ್ ಪಥ ಬಿಟ್ಟು ರಸ್ತೆಯಲ್ಲೇ ಇಬ್ಬಿಬ್ಬರು ಜೊತೆಯಾಗಿ ಹೋಗಬಹುದು. 50 ಜನ ದಾಟಿದರೆ ಕನಿಷ್ಠ ಇಬ್ಬರು ರಸ್ತೆ ಕ್ಯಾಪ್ಟನ್‌ಗಳು ಬೇಕೇ ಬೇಕು, ಜೊತೆಗೆ ಬೆಂಗಾವಲಿಗೆ ಕಾರೂ ಬೇಕು. ನಮ್ಮದು ಇಪ್ಪತ್ತರ ಆಸುಪಾಸಿನ ಗುಂಪು. ಆದರೂ ನಮಗೊಬ್ಬ ಕ್ಯಾಪ್ಟನ್. ಅರವತ್ತು ದಾಟಿದ ಹೆಂಗಸು, ತೋಳಿಗೆ ಬಾವುಟದ ಕಪ್ಪು ಹಳದಿ ಕೆಂಪು ಬಣ್ಣದ ಪಟ್ಟಿ. ಹೊರಡುವ ಮುಂಚೆ ಅವರು ಹೇಳಿದ್ದು ಎರಡೇ ಮಾತು. "ಮುಂದೆ ಬಂದಾಗ ವೇಗ ಹೆಚ್ಚಿಸಬೇಡಿ. ನಿಮ್ಮ ಹಿಂದೆ ಇರುವವರನ್ನು ನೆನಪಿಡಿ."

ಸವಾರಿಯ ಗುಟ್ಟೆಲ್ಲ ಆ ಮೊದಲನೇ ಮಾತಿನಲ್ಲೇ ಇದೆ. ಸಪಾಟು ರಸ್ತೆಯಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಮ್ಮ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ಸ್ವಲ್ಪವೇ ಏರಿದರೂ ಬೇಕಾದ ಶಕ್ತಿ ಸಿಕ್ಕಾಪಟ್ಟೆ ಏರುತ್ತದೆ. ವೇಗ ದುಪ್ಪಟ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟು ಪಟ್ಟು. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಒಂದಡಿ ದೂರದಲ್ಲಿ ಮರೆಯಾಗಿ ಹೋದರೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಅಂದರೆ ಮುಂದಿರುವ ಜೋಡಿ ನಮ್ಮೆಲ್ಲರ ಪರವಾಗಿ ದುಡಿಯುತ್ತಿದೆ. ಐದಾರು ನಿಮಿಷ ಎಳೆದು ಅವರು ಬದಿಗೆ ಸರಿಯುತ್ತಾರೆ, ಗುಂಪಿನ ಬಾಲಕ್ಕೆ ಹೋಗುತ್ತಾರೆ. ಮುಂದಿನ ಜೋಡಿಯ ಸರದಿ.

ಹೊಸಬರು ಮುಂದೆ ಬಂದ ಕೂಡಲೇ ಉತ್ಸಾಹದಲ್ಲಿ ಜೋರಾಗಿ ತುಳಿಯುತ್ತಾರೆ. ಅದನ್ನು ನೋಡಿ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಆಗತಾನೇ ಎಳೆದು ದಣಿದ ಜೋಡಿ ಬಾಲ ಹಿಡಿಯುವುದರೊಳಗೆ ಗುಂಪು ಕೈತಪ್ಪಿ ಹೋಗುತ್ತದಲ್ವಾ? ಒಳ್ಳೆಯ ಸವಾರ ಮುಂದೆ ಬಂದದ್ದು ಹಿಂದಿನವರಿಗೆ ಗೊತ್ತೇ ಆಗಬಾರದು. ನನ್ನ ಜೊತೆ ಜೋಡಿಯಾದವರು ಎಪ್ಪತ್ತರ ಅಜ್ಜ. ಅವರ ಕಾಲು ಗಡಿಯಾರದ ಲೋಲಕದ ಹಾಗೆ. ಸಣ್ಣ ಏರು ಬಂದರೂ, ಇಳಿಜಾರು ಬಂದರೂ, ಅವರು ತುಳಿಯುವ ಬಿಗಿ ಒಂದೇ. ಪಕ್ಕದಲ್ಲಿದ್ದು ನಾನೂ ಅದನ್ನೇ ಹಿಡಿದೆ.

ಗುಂಡಿ ಬಂದರೆ ಕೈ ಕೆಳಗೆ ತೋರಿಸುತ್ತಾರೆ. ನಿಂತ ಕಾರು ಬಂದರೆ ಬೆನ್ನ ಹಿಂದೆ ಕೈ ಆಡಿಸುತ್ತಾರೆ. ಜೊತೆಗೆ ಡಚ್‌ನಲ್ಲಿ ಒಂದು ಕೂಗು. ಅದು ಜೋಡಿಯಿಂದ ಜೋಡಿಗೆ ದಾಟುತ್ತಾ ಬಾಲದವರೆಗೂ ಹೋಗುತ್ತದೆ. ಗೆಳೆಯ ನನ್ನ ಹಿಂದೆಯೇ ಇದ್ದ. "ಕಂಬ!" "ಎದುರಿಗೆ ಗಾಡಿ!" ಅಂತ ಕನ್ನಡದಲ್ಲೂ ಕೂಗುತ್ತಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಪಕ್ಕದ ಅಜ್ಜನೂ "ಕಂಬ!" ಅನ್ನತೊಡಗಿದರು.

ಗೆರಾರ್ಡ್ಸ್‌ಬರ್ಗನ್‌ನ ಏರಿಗೆ ಮ್ಯೂರ್ ಅನ್ನುತ್ತಾರೆ. ಊರ ನಡುವಿನಿಂದ ಶುರುವಾಗಿ, ಮನೆಗಳ ಸಂದಿಯಲ್ಲಿ ತಿರುಗಿ, ಮರಗಳ ಕೆಳಗೆ ಕಡಿದಾಗಿ, ಕೊನೆಗೆ ಗುಡ್ಡದ ತಲೆಯಲ್ಲಿರುವ ಪುಟ್ಟ ಚಾಪೆಲ್ ಮುಂದೆ ಮುಗಿಯುತ್ತದೆ. 2010ರ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಫೇಬಿಯನ್ ಕಾಂಚೆಲಾರಾ ಇಲ್ಲೇ ಬೆಲ್ಜಿಯಂನ ಟಾಮ್ ಬೂನೆನ್‌ನನ್ನು ಹಿಂದೆ ಬಿಟ್ಟಿದ್ದು. ಅದನ್ನು ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ದೇನೋ. ಆ ತಿರುವಿಗೆ ಬಂದಾಗ ಮೈ ಜುಮ್ಮೆಂದಿತು. ಏರಿನಲ್ಲಿ ಯಾರೂ ಯಾರಿಗೂ ಕಾಯಬೇಕಿಲ್ಲ, ಅವರವರ ಶಕ್ತಿ ಅವರವರದು. ತುದಿಯಲ್ಲಿ ಮಾತ್ರ ಕೊನೆಯವರು ಬರುವ ತನಕ ಎಲ್ಲರೂ ನಿಲ್ಲುತ್ತಾರೆ. ಬಂದವರಿಗೆ ಉಸಿರು ತಿರುಗುವ ತನಕವೂ ನಿಲ್ಲುತ್ತಾರೆ. ಈ ಎರಡನೇ ಕಾಯುವಿಕೆಯನ್ನು ಎಷ್ಟೋ ಕ್ಲಬ್‌ಗಳು ಮರೆಯುತ್ತವೆ. ಮುಂದೆ ಬಂದವರು ಹಾಯಾಗಿ ಕೂತಿದ್ದು, ಕೊನೆಯವರು ತಲುಪಿದ ತಕ್ಷಣ ಹೊರಟರೆ ಅದು ಕಾದ ಹಾಗಲ್ಲ.

ಕೆಳಗೆ ಬಂದು ಮಾಟನ್‌ಟಾರ್ಟ್ ತಿಂದೆವು. ಒಡೆದ ಹಾಲಿನ ಗಿಣ್ಣು, ಮೊಟ್ಟೆ, ಬಾದಾಮಿ ತುಂಬಿದ ಪದರದ ತಿಂಡಿ. ಗೆರಾರ್ಡ್ಸ್‌ಬರ್ಗನ್ ಮಾಟನ್‌ಟಾರ್ಟ್ ಎಂಬ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆಯೂ ಇದೆ. ಹಸಿದ ಹೊಟ್ಟೆಗೆ ಎರಡು ಬೇಕು.

ವಾಪಸ್ ಬರುವಾಗ ಎದುರುಗಾಳಿ. ಟೀಚರ್ ಒಬ್ಬರಿಗೆ ಶಕ್ತಿ ಮುಗಿದಿತ್ತು. ಕ್ಯಾಪ್ಟನ್ ಅವರನ್ನು ಎರಡನೇ ಸಾಲಿನಲ್ಲಿ, ಮರೆ ಚೆನ್ನಾಗಿ ಸಿಗುವ ಕಡೆ ಕೂರಿಸಿದರು. ಸರದಿಯಿಂದ ಬಿಡುಗಡೆ ಕೊಟ್ಟರು. ಬಾಲದಲ್ಲಿ ಮರೆ ಇರುತ್ತದೆ, ಆದರೆ ಮುಂದಿನವರ ವೇಗ ಸ್ವಲ್ಪ ಏರಿಳಿದರೂ ಬಾಲದಲ್ಲಿರುವವರಿಗೆ ಪ್ರತಿ ಸಲ ಓಡಿ ಹಿಡಿಯುವ ಕೆಲಸ. ದಣಿದವರನ್ನು ಹಿಂದಕ್ಕೆ ತಳ್ಳಬಾರದು, ಮುಂದೆ ಕರೆಯಬೇಕು.

ಸೋಮವಾರ

ವಿಶ್ರಾಂತಿ. ಸೈಕಲ್ ತೊಳೆದು, ಚೈನ್ ಒರೆಸಿ ಎಣ್ಣೆ ಬಿಟ್ಟೆವು. ಕಲ್ಲುಹಾಸಿನ ಮೇಲೆ ಓಡಿಸಿದ ಮೇಲೆ ಪ್ರತಿ ಬೋಲ್ಟನ್ನೂ ಒಮ್ಮೆ ಬಿಗಿ ನೋಡಬೇಕು. ನೀರಿನ ಬಾಟಲಿ ಹಿಡಿಯುವ ಪಂಜರದ್ದು ಸಡಿಲ ಆಗಿತ್ತು.

ಮಂಗಳವಾರ, ಬಯಲಿನ ಗಾಳಿ

ಸಂಜೆ ಕ್ಲಬ್ಬಿನ ರೇಸ್ ತಂಡದ ತರಬೇತಿ. ಊರಿನ ಉತ್ತರಕ್ಕೆ ಬರೀ ಹೊಲ. ಮರ ಇಲ್ಲ, ಗುಡ್ಡ ಇಲ್ಲ. ಇಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ. ವಾಯುವ್ಯಕ್ಕೆ ಮುಖ ಮಾಡಿ ಹೊರಟರೆ ಅದು ಸೀದಾ ಎಡ ಮಗ್ಗುಲಿಗೆ ಹೊಡೆಯುತ್ತದೆ.

ಆಗ ಬೆನ್ನ ಹಿಂದೆ ಮರೆ ಸಿಗುವುದಿಲ್ಲ. ಮರೆ ಇರುವುದು ಮುಂದಿನವನ ಬಲ ಮಗ್ಗುಲಿನ ಹಿಂಬದಿಯಲ್ಲಿ. ಹಾಗಾಗಿ ಮೊದಲನೆಯವನು ನಮ್ಮ ಅರ್ಧ ರಸ್ತೆಯ ಎಡ ಅಂಚಿಗೆ ಹೋಗುತ್ತಾನೆ. ಎರಡನೆಯವನು ಅವನ ಬಲಕ್ಕೆ ಅರ್ಧ ಸೈಕಲ್ ಹಿಂದೆ. ಮೂರನೆಯವನು ಅವನ ಬಲಕ್ಕೆ. ಹೀಗೆ ರಸ್ತೆಗೆ ಓರೆಯಾಗಿ ಸವಾರರ ಸಾಲು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಸರದಿ ಮುಗಿದವನು ಗಾಳಿ ಬರುವ ಕಡೆಗೇ ಸರಿದು ನಿಧಾನಕ್ಕೆ ಹಿಂದೆ ಬರುತ್ತಾನೆ. ಹಿಂದೆ ಬರುವಾಗಲೂ ಮುಂದೆ ಹೋಗುವವರಿಗೆ ಅವನ ಮೈಯೇ ಗೋಡೆ.

ರಸ್ತೆಯ ಅಗಲ ಎಷ್ಟೋ ಅಷ್ಟೇ ಜನಕ್ಕೆ ಈ ಬೀಸಣಿಗೆಯಲ್ಲಿ ಜಾಗ. ಉಳಿದವರು ಬಲ ಅಂಚಿನಲ್ಲಿ ಸಾಲಾಗಿ ನಿಂತ ಹಾಗೆ ಆಗುತ್ತದೆ. ಅವರಿಗೆ ಗಾಳಿ ಪೂರ್ತಿ ತಗಲುತ್ತದೆ. ಅಲ್ಲಿ ಹಲ್ಲು ಕಚ್ಚಿ ತುಳಿಯುವುದು ದಡ್ಡತನ. ತಕ್ಷಣ ಒಬ್ಬ ಎಡಕ್ಕೆ ಹೋಗಿ ಎರಡನೇ ಬೀಸಣಿಗೆ ಶುರು ಮಾಡಬೇಕು. ಅದನ್ನು ಮಾಡುವ ಧೈರ್ಯ ಯಾರಿಗಿದೆ ಅನ್ನುವುದರ ಮೇಲೆ ರೇಸಿನಲ್ಲಿ ಹತ್ತಾರು ಜನರ ಹಣೆಬರಹ ನಿಂತಿರುತ್ತದೆ. ಆ ಸಂಜೆ ಕ್ಯಾಪ್ಟನ್ ಬೇಕಂತಲೇ ನಮ್ಮನ್ನು ಅಂಚಿಗೆ ತಳ್ಳಿ, "ಈಗೇನು ಮಾಡ್ತೀರಿ?" ಅಂತ ಕೂಗುತ್ತಿದ್ದರು. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಎರಡನೇ ಬೀಸಣಿಗೆ ತಾನಾಗಿಯೇ ಬಿಚ್ಚಿಕೊಳ್ಳತೊಡಗಿತು. ಗುಂಪಿನಲ್ಲಿ ಸೈಕಲ್ ಹೊಡೆಯುವ ಸುಖ ಅಂದರೆ ನನಗೆ ಇದೇ. ಗಾಳಿ ಕಿವಿಯಲ್ಲಿ ಕೂಗುತ್ತಿರುತ್ತದೆ. ಯಾರೂ ಮಾತಾಡುವುದಿಲ್ಲ. ಆದರೂ ಎಲ್ಲರಿಗೂ ತಮ್ಮ ಜಾಗ ಗೊತ್ತು.

1969ರಲ್ಲಿ ಬೆಲ್ಜಿಯಂನ ಸೈಕಲ್ ದಿಗ್ಗಜ ಎಡ್ಡಿ ಮರ್ಕ್ಸ್ ಮೊದಲ ಸಲ ಟೂರ್ ಆಫ್ ಫ್ಲಾಂಡರ್ಸ್ ಗೆದ್ದದ್ದು ಮಳೆ ಗಾಳಿಯ ದಿನ. ಇನ್ನೂ ಸುಮಾರು 70 ಕಿಲೋಮೀಟರ್ ಇರುವಾಗಲೇ ಒಬ್ಬನೇ ಹೊರಟ. ಎರಡನೆಯವನಾಗಿ ಬಂದ ಇಟಲಿಯ ಫೆಲಿಚೆ ಜಿಮೊಂಡಿಗಿಂತ ಐದು ನಿಮಿಷಕ್ಕೂ ಜಾಸ್ತಿ ಮುಂದಿದ್ದ. ಆ ಗಾಳಿಯಲ್ಲಿ ಯಾರ ಮರೆಯೂ ಇಲ್ಲದೆ! ಇಲ್ಲಿನ ಗಾಳಿಗೆ ಒಂದು ಸಂಜೆ ಮೈಯೊಡ್ಡಿದ ಮೇಲೆ ಆ ಸಂಖ್ಯೆಗಳ ತೂಕ ನನಗೆ ಇನ್ನೂ ಜಾಸ್ತಿ ಆಯಿತು.

ಬುಧವಾರ

ದಿನವಿಡೀ ಮಳೆ. ಘೆಂಟ್‌ನ ಹಳೆಯ ಒಳಾಂಗಣ ಟ್ರ್ಯಾಕ್ ಕೈಪ್ಕೆಯ ಹೊರಗಡೆ ಹೋಗಿ ಬಂದೆವು. ಒಂದು ಸುತ್ತು ಬರೀ 166 ಮೀಟರ್ ಚಿಲ್ಲರೆ. ಚಳಿಗಾಲದ ಹೊಸ್ತಿಲಲ್ಲಿ ಇಲ್ಲಿ ಆರು ದಿನದ ಟ್ರ್ಯಾಕ್ ರೇಸ್ ನಡೆಯುತ್ತದೆ.

ಗುರುವಾರ, ಈಪರ್

ಕ್ಲಬ್ಬಿನ ನಿವೃತ್ತರ ಗುಂಪು ವಾರದ ನಡುವೆಯೂ ಹೊರಡುತ್ತದೆ. ಅವರ ಜೊತೆ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಪಶ್ಚಿಮದ ಈಪರ್‌ಗೆ ಹೋದೆ. ಹತ್ತಿರದಲ್ಲೇ ಕೆಮ್ಮೆಲ್‌ಬರ್ಗ್, 156 ಮೀಟರ್ ಎತ್ತರದ ಗುಡ್ಡ. ಬಹುಕಾಲ ಘೆಂಟ್-ವೆವೆಲ್ಗೆಮ್ ಎಂಬ ಹೆಸರಿನಲ್ಲಿ ನಡೆದ ರೇಸು ಗೆಲ್ಲುವುದೂ ಸೋಲುವುದೂ ಇಲ್ಲೇ. ಅಜ್ಜಂದಿರು ಮಾತಾಡುತ್ತಲೇ ಹತ್ತಿದರು.

ಆದರೆ ಈ ಕಡೆ ಸೈಕಲ್ ಮಾತು ತಾನಾಗಿಯೇ ಕಡಿಮೆ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಕಾದಾಡಿದ ನೆಲ ಇದು. ತಿರುವು ತಿರುವಿಗೂ ಸೈನಿಕರ ಸಮಾಧಿ. ಹೊಲೆಬೆಕೆ ಎಂಬ ಹಳ್ಳಿಯ ಬಳಿ 1914ರ ಅಕ್ಟೋಬರ್ 31ರಂದು ಹೋರಾಡಿದ ಖುದಾದಾದ್ ಖಾನ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಭಾರತೀಯ ಸೇನೆಯ ಭಾರತೀಯ ಸೈನಿಕನೊಬ್ಬನಿಗೆ ಸಿಕ್ಕ ಮೊದಲನೆಯದು ಅದು. ಈಪರ್‌ನ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದ ಮೇಲೆ, ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿದ್ದಾರೆ. ನಮ್ಮ ಕಡೆಯ ಹೆಸರುಗಳೂ ಇವೆ. 1928ರಿಂದ ದಿನಾ ರಾತ್ರಿ ಎಂಟಕ್ಕೆ ಅಲ್ಲಿ ಬ್ಯೂಗಲ್ ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನ್ನರ ಕೈಯಲ್ಲಿದ್ದಾಗ ಮಾತ್ರ ತಪ್ಪಿತ್ತು. ಸೈಕಲ್ ಹಿಡಿದುಕೊಂಡೇ ನಿಂತು ಕೇಳಿದೆವು. ಎಪ್ಪತ್ತರ ಅಜ್ಜ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದರು.

ಶುಕ್ರವಾರ

ಒಂದು ಗಂಟೆ ಹಗುರವಾಗಿ ಓಡಿಸಿ, ನಡುವೆ ಮೂರು ನಾಲ್ಕು ಸಲ ಜೋರಾಗಿ ತುಳಿದು ಕಾಲನ್ನು ಎಚ್ಚರಿಸಿದೆವು. ರಾತ್ರಿ ಅನ್ನ ಸಾರು. ಗೆಳೆಯ ಟೇಬಲ್ ಮೇಲೆ ಉಪ್ಪಿನ ಡಬ್ಬಿ, ಚಮಚ ಇಟ್ಟು ನಾಳೆಯ ದಾರಿ ತೋರಿಸಿದ.

ಶನಿವಾರ, ರೇಸ್

ಫ್ಲಾಂಡರ್ಸ್‌ನ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಜಾತ್ರೆ. ಜಾತ್ರೆ ಅಂದಮೇಲೆ ಸೈಕಲ್ ರೇಸ್ ಇರಲೇಬೇಕು. ಹಳ್ಳಿಯ ಬೀದಿಯಲ್ಲಿ ಶುರುವಾಗಿ ಹೊಲ ಸುತ್ತಿ ಮತ್ತೆ ಅದೇ ಬೀದಿಗೆ ಬರುವ ದಾರಿ. ಇವತ್ತಿನದು ಸುಮಾರು ಎಂಟು ಕಿಲೋಮೀಟರಿನ ಸುತ್ತು, ಹತ್ತು ಸಲ. ಹವ್ಯಾಸಿಗಳ ರೇಸ್. ನನಗೆ ಒಂದು ದಿನದ ಪರವಾನಗಿ ಮಾಡಿಸಿದ್ದರು.

ನಂಬರ್ ಕೊಡುವುದು ಕೆಫೆಯೊಳಗೆ. ಒಂದು ಕಡೆ ಅಜ್ಜಂದಿರ ಇಸ್ಪೀಟು, ಇನ್ನೊಂದು ಕಡೆ ನಂಬರಿನ ಮೇಜು. ಸ್ವಲ್ಪ ಠೇವಣಿ ಇಡಬೇಕು, ನಂಬರ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಗೆಳೆಯ ನನ್ನ ಸೊಂಟಕ್ಕೆ ನಂಬರ್ ಚುಚ್ಚಿದ. ನಾಲ್ಕು ಮೂಲೆಗೂ ಪಿನ್ನು, ಮೇಲೆ ಕೆಳಗೆ ಇನ್ನೂ ಎರಡು. ಗಾಳಿಗೆ ಪಟಪಟ ಅಂದರೆ ಅದೂ ಭಾರವೇ.

ತಿರುವುಗಳಲ್ಲಿ ಹುಲ್ಲಿನ ಕಟ್ಟು ಪೇರಿಸಿದ್ದರು. ಪ್ರತಿ ಅಡ್ಡರಸ್ತೆಗೂ ಬಾವುಟ ಹಿಡಿದ ಸ್ವಯಂಸೇವಕರು. ನಮ್ಮ ಕ್ಲಬ್ಬಿನ ಪ್ಲಂಬರ್ ಕೂಡ ಒಂದು ಕಡೆ ನಿಂತಿದ್ದ. ಅವನು ರೇಸ್ ಮಾಡುವ ದಿನ ಇನ್ಯಾರೋ ನಿಲ್ಲುತ್ತಾರೆ. ಇವರಿಲ್ಲದೆ ಹವ್ಯಾಸಿ ರೇಸ್ ಅನ್ನುವುದೇ ಇಲ್ಲ. ಗೆದ್ದವರ ಹೆಸರು ಬರೆಯುವ ಕಡೆ ಇವರ ಹೆಸರೂ ಬರೆಯಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಶಿಳ್ಳೆ ಆಯಿತು. ಮೊದಲ ಎರಡು ಸುತ್ತು ಉಸಿರು ಬಿಡುವುದಕ್ಕೂ ಪುರುಸೊತ್ತಿಲ್ಲ. ಚರ್ಚ್ ಪಕ್ಕದ ಬಲ ತಿರುವಿನಲ್ಲಿ ಗುಂಪು ಒಂದೇ ಸಾಲಾಗುತ್ತದೆ. ಮುಂದಿನ ಹತ್ತು ಜನ ಬ್ರೇಕ್ ಮುಟ್ಟದೆ ತಿರುಗುತ್ತಾರೆ. ನಡುವಿನವರು ಸ್ವಲ್ಪ ನಿಧಾನ ಮಾಡಬೇಕು. ಬಾಲದವರು ಹೆಚ್ಚು ಕಮ್ಮಿ ನಿಂತೇ ಬಿಡುತ್ತಾರೆ. ಅಷ್ಟರಲ್ಲಿ ಮುಂದಿನವರು ತಿರುವು ದಾಟಿ ವೇಗ ಹಿಡಿದಾಗಿರುತ್ತದೆ. ಬಾಲದವರು ಪ್ರತಿ ಸುತ್ತಿಗೂ, ಪ್ರತಿ ತಿರುವಿಗೂ ಜೀವ ಬಿಟ್ಟು ಓಡಬೇಕು. ಅದಕ್ಕೇ ಮೊದಲ ಹದಿನೈದರೊಳಗೆ ಇರು ಅಂತ ಕ್ಯಾಪ್ಟನ್ ಹೇಳಿದ್ದರು. ಅಲ್ಲಿ ಉಳಿಯುವುದೇ ಒಂದು ಜಗಳ. ಭುಜಕ್ಕೆ ಭುಜ ತಾಗುತ್ತದೆ. ಮೊಣಕೈ ತಾಗುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಲದ ನಡುವಿನ ಕಾಂಕ್ರೀಟ್ ದಾರಿಯಲ್ಲಿ ಹಲಗೆ ಹಲಗೆಗೂ ಒಂದು ಸಂದು. ಚಕ್ರ ಟಕ್ ಟಕ್ ಅನ್ನುತ್ತಿರುತ್ತದೆ. ನಾಲ್ಕನೇ ಸುತ್ತಿನಲ್ಲಿ ಗಂಟೆ ಹೊಡೆದರು. ಮುಂದಿನ ಸಲ ಗೆರೆ ದಾಟುವವರಲ್ಲಿ ಮೊದಲಿಗನಿಗೆ ಸಣ್ಣ ಬಹುಮಾನ. ಅದಕ್ಕಾಗಿ ಮೂವರು ಹಾರಿದರು. ಗೆರೆ ದಾಟಿದ ಮೇಲೆ ಅವರು ಉಸಿರು ತೆಗೆದುಕೊಳ್ಳುವ ಹೊತ್ತು ನೋಡಿ ಇನ್ನಿಬ್ಬರು ಹೊರಟರು. ಆ ಇಬ್ಬರಲ್ಲಿ ಒಬ್ಬ ನನ್ನ ಗೆಳೆಯ. ಐದು ಜನ ಒಂದಾದರು. ನೋಡನೋಡುತ್ತಾ ಅವರ ಮತ್ತು ನಮ್ಮ ನಡುವೆ ಅರ್ಧ ಬೀದಿಯಷ್ಟು ಜಾಗ.

ಆಗ ನನ್ನ ಕಾಲು ತಾನಾಗಿಯೇ ಮುಂದೆ ಹೋಗಿ ಎಳೆಯಲು ಹೊರಟಿತು. ವಾರವೆಲ್ಲ ಅದನ್ನೇ ತಾನೇ ಮಾಡಿದ್ದು? ಪಕ್ಕದಲ್ಲಿದ್ದ ಕ್ಲಬ್ಬಿನ ನರ್ಸ್ ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸಿದಳು. ಮುಂದೆ ನಮ್ಮವನಿದ್ದಾನೆ. ಬೆನ್ನಟ್ಟುವ ಕೆಲಸ ಬೇರೆ ಕ್ಲಬ್ಬಿನವರದ್ದು. ಭಾನುವಾರ ಸರದಿ ತಪ್ಪಿಸಿಕೊಳ್ಳುವುದು ಕ್ಲಬ್ಬಿಗೆ ಮಾಡುವ ದ್ರೋಹ. ಇವತ್ತು ಸರದಿ ತೆಗೆದುಕೊಳ್ಳುವುದೇ ದ್ರೋಹ.

ಇದು ಸುಮ್ನೆ ಕೂರುವ ಕೆಲಸ ಅಲ್ಲ. ಬೆನ್ನಟ್ಟುವವರ ಸಾಲಿನಲ್ಲಿ ಎರಡನೇ, ಮೂರನೇ ಜಾಗದಲ್ಲಿ ಇರಬೇಕು. ಅವರು ಬದಿಗೆ ಸರಿದಾಗ ನಾವು ಮುಂದೆ ಬರುತ್ತೇವೆ, ಆದರೆ ಎಳೆಯುವುದಿಲ್ಲ. ವೇಗ ತಾನಾಗಿಯೇ ಒಂದೆರಡು ಕಿಲೋಮೀಟರ್ ಇಳಿಯುತ್ತದೆ. ಇನ್ನೊಬ್ಬ ಸಿಟ್ಟಿನಿಂದ ನಮ್ಮನ್ನು ದಾಟಿ ಬರುತ್ತಾನೆ. ನಾವು ತಕ್ಷಣ ಅವನ ಹಿಂದೆ. ಹೀಗೆ ಅವರ ಲಯ ಮುರಿಯುತ್ತಲೇ ಇರಬೇಕು. ಬ್ರೇಕ್ ಹಿಡಿಯುವುದು, ಅಡ್ಡ ಬರುವುದು ತಪ್ಪು, ಅಪಾಯ ಕೂಡ. ನರ್ಸ್ ತನ್ನ ಗೆರೆ ಬಿಟ್ಟು ಒಂದಿಂಚೂ ಅಲುಗಲಿಲ್ಲ. ಹಸಿರು ಜೆರ್ಸಿಯ ದೈತ್ಯನೊಬ್ಬ ನನ್ನತ್ತ ತಿರುಗಿ ಏನೋ ಕೂಗಿದ. ನಾನು ಮುಂದೆ ಕೈ ತೋರಿಸಿದೆ. ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಮತ್ತೆ ತುಳಿದ.

ಗೆರೆಯ ಬಳಿ ಕ್ಯಾಪ್ಟನ್ ಕೈಯಲ್ಲಿ ಸ್ಲೇಟು. 20 ಸೆಕೆಂಡ್. ಮುಂದಿನ ಸುತ್ತಿಗೆ 35. ಎಂಟನೇ ಸುತ್ತಿಗೆ 50. ಅಷ್ಟು ಹೊತ್ತಿಗೆ ಬೆನ್ನಟ್ಟುವವರಿಗೆ ಸಾಕಾಗಿತ್ತು. ಕೊನೆಯ ಸುತ್ತಿನಲ್ಲಿ ಗುಂಪಿನ ಸ್ಪ್ರಿಂಟ್. ನಾನು ನರ್ಸ್ ಹಿಂದೆ ಅಂಟಿಕೊಂಡಿದ್ದೆ. ಚರ್ಚ್ ತಿರುವು ದಾಟಿ 300 ಮೀಟರ್ ಇರುವಾಗ ಎಡಕ್ಕೆ ಸರಿದು ಇದ್ದಷ್ಟನ್ನೂ ಹಾಕಿದೆ. ಅವಳು ನನ್ನ ಮರೆಯಲ್ಲಿ ಬಂದು ಗೆರೆಗೆ ಸ್ವಲ್ಪ ಮುಂಚೆ ದಾಟಿಹೋದಳು. ಗುಂಪಿನಲ್ಲಿ ಮೊದಲನೆಯವಳು, ಒಟ್ಟು ಆರನೆಯವಳು.

ಗೆಳೆಯ ಮೂರನೆಯವನು. ಐವರಲ್ಲಿ ಇಬ್ಬರು ಹೊಲದ ಅಡ್ಡಗಾಳಿಯಲ್ಲಿ ಕೊನೆಯ ಸುತ್ತಿಗೆ ಕಳಚಿಕೊಂಡಿದ್ದರಂತೆ. ಮುಖ ತುಂಬ ದೂಳು, ತುಟಿಯ ಮೇಲೆ ಉಪ್ಪು ಒಣಗಿ ಬೆಳ್ಳಗೆ. ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, "ಹಿಂದೆ ತಿರುಗಿ ನೋಡಿದಾಗಲೆಲ್ಲ ನಿನ್ನ ಹೆಲ್ಮೆಟ್ ಮುಂದುಗಡೆಯೇ ಕಾಣ್ತಿತ್ತು ಕಣೋ" ಅಂದ. ಹಸಿರು ಜೆರ್ಸಿಯವನೂ ಬಂದು ಕೈ ಕುಲುಕಿದ.

ಕೆಫೆಯಲ್ಲಿ ನಂಬರ್ ವಾಪಸ್ ಕೊಟ್ಟು ಠೇವಣಿ ತೆಗೆದುಕೊಂಡೆವು. ಬಹುಮಾನದ ಲಕೋಟೆ ಗೆಳೆಯನ ಕೈಗೆ ಬಂತು. ಅವನು ಅದನ್ನು ಒಡೆಯಲಿಲ್ಲ. ನರ್ಸ್ ತನ್ನದನ್ನೂ ತಂದಿಟ್ಟಳು. ಗೆದ್ದದ್ದನ್ನು ರೇಸ್ ಮಾಡಿದ ಕ್ಲಬ್ಬಿನವರೆಲ್ಲ ಸಮನಾಗಿ ಹಂಚಿಕೊಳ್ಳುವುದು ಇಲ್ಲಿನ ಪದ್ಧತಿ. ಅಷ್ಟರಲ್ಲಿ ಕ್ಯಾಪ್ಟನ್ ಫಲಿತಾಂಶದ ಹಾಳೆ ತಿರುಗಿಸಿ, ಹಿಂದಿನ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಹೊಲದ ದಾರಿ ಬರೆದಿದ್ದರು. ಕೊನೆಯ ಸುತ್ತಿನಲ್ಲಿ ಗಾಳಿ ಬಂದದ್ದು ಯಾವ ಕಡೆಯಿಂದ, ಗೆಳೆಯ ಇದ್ದದ್ದು ಎಷ್ಟನೇ ಜಾಗದಲ್ಲಿ, ಇನ್ನೊಂದು ಗಾಲಿ ಎಡಕ್ಕಿದ್ದಿದ್ದರೆ ಏನಾಗುತ್ತಿತ್ತು ಅಂತ ಇಬ್ಬರ ನಡುವೆ ಜೋರು ಚರ್ಚೆ ಶುರುವಾಯಿತು. ಪ್ಲಂಬರ್ ಬಾವುಟ ಮಡಚಿಟ್ಟು ಬಂದು ಕುರ್ಚಿ ಎಳೆದುಕೊಂಡ. ಪಕ್ಕದೂರಿನ ಜಾತ್ರೆ ಬರುವ ವಾರ. ಆವತ್ತು ಅಡ್ಡರಸ್ತೆಯಲ್ಲಿ ಬಾವುಟ ಹಿಡಿಯುವ ಸರದಿ ಗೆಳೆಯನದ್ದು.